ಅವ್ವನಿಗೆ ಸಿಗದ ಬಟನ್

ಐವರಲ್ಲಿ ಐವರೂ ಒಂದು ನಿಮಿಷದೊಳಗೆ ಮುಗಿಸಿದ್ದರು. ಬಸ್ ಟಿಕೆಟ್ ಆ್ಯಪ್‌ನ ಯೂಸಬಿಲಿಟಿ ಟೆಸ್ಟಿಗೆ ನಾನು ಚೀಟಿಯಲ್ಲಿ ಬರೆದುಕೊಟ್ಟ ಕೆಲಸ ಇದು: "ಮ್ಯಾನೇಜ್ ಬುಕಿಂಗ್‌ಗೆ ಹೋಗಿ ಪ್ರಯಾಣದ ದಿನಾಂಕ ಬದಲಿಸಿ." ವರದಿಯಲ್ಲಿ ಹಸಿರು ಗುರುತು ಹಾಕಿ ಮರೆತೆ.

ಮೂರು ತಿಂಗಳ ನಂತರ ಅವ್ವ ಧಾರವಾಡದಿಂದ ಪುಣೆಗೆ ಬರುವವಳಿದ್ದಳು. ಶುಕ್ರವಾರದ ಟಿಕೆಟ್. ಹುಷಾರಿಲ್ಲದೆ ಅದನ್ನು ಸೋಮವಾರಕ್ಕೆ ಮಾಡಿಕೊಳ್ಳಲು ಅದೇ ಆ್ಯಪ್‌ನಲ್ಲಿ ಅರ್ಧ ತಾಸು ತಡಕಾಡಿದಳು. ಮೀಟಿಂಗಿನಲ್ಲಿದ್ದ ನಾನು ಫೋನ್ ಎತ್ತಲಿಲ್ಲ. ಬಸ್ಸೂ ಹೋಯಿತು, ದುಡ್ಡೂ ಹೋಯಿತು. ರಾತ್ರಿ ಸಿಡುಕಿದೆ: "ಮ್ಯಾನೇಜ್ ಬುಕಿಂಗ್ ಅಂತ ಎದುರಿಗೇ ಐತಲ್ಲವ್ವಾ!"

"ಮ್ಯಾನೇಜ್ ಮಾಡೂದು ಏನೈತೋ? ನನಗ ಸೋಮವಾರ ಬರೂದಿತ್ತು, ಅಷ್ಟ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಇವೆಲ್ಲಾ ತಿಳಿಯೂದಿಲ್ಲ ಬಿಡಪಾ," ಎಂದು ಫೋನಿಟ್ಟಳು. ಆ ಕಡೆಯ ಮಾತು ನಿದ್ದೆ ಕೆಡಿಸಿತು.

ಟೆಸ್ಟಿನಲ್ಲಿ ಉತ್ತರ ಹೇಳಿಕೊಟ್ಟವನು ನಾನೇ. ಆ ಐವರು ಚೀಟಿಯಲ್ಲಿದ್ದ ಎರಡು ಪದಗಳನ್ನು ಪರದೆಯ ಮೇಲೆ ಹುಡುಕಿದ್ದರು, ಅಷ್ಟೇ. ಈ ಕ್ಷೇತ್ರದ ಹಳಬ ಜೇರೆಡ್ ಸ್ಪೂಲ್ ಐಕಿಯಾ ವೆಬ್‌ಸೈಟಿನ ಉದಾಹರಣೆ ಕೊಡುತ್ತಾರೆ. "ಬುಕ್‌ಕೇಸ್ ಹುಡುಕಿ" ಎಂದರೆ ಜನ ಸರ್ಚ್‌ನಲ್ಲಿ ಅದೇ ಪದ ಟೈಪ್ ಮಾಡುತ್ತಾರೆ. ಡಬ್ಬಗಳಲ್ಲಿ ಬಿದ್ದಿರುವ 200ಕ್ಕೂ ಹೆಚ್ಚು ಪುಸ್ತಕಗಳನ್ನು ಜೋಡಿಸಿಡಬೇಕು ಎಂದರೆ ಅವರು ಹುಡುಕುವ ದಾರಿಯೇ ಬೇರೆ. ಓದುವಾಗಲೇ ಗೊತ್ತಿದ್ದ ಕತೆ. ಡೆಡ್‌ಲೈನ್ ಬಂದಾಗ ನೆನಪಾಗಲಿಲ್ಲ.

ಹೊಸದಾಗಿ ಬರೆದೆ. ಮೊದಲ ಕರಡಿನಲ್ಲಿ ತಂಗಿಯ ಮದುವೆ, ಛತ್ರ ಎಲ್ಲ ತುರುಕಿದ್ದೆ. ಓದಿದ ಸಹೋದ್ಯೋಗಿ ಆ್ಯಪ್ ಬಿಟ್ಟು ಮದುವೆಯ ಬಗ್ಗೆಯೇ ಕೇಳಿದಳು. ಕತ್ತರಿಸಿದೆ. ಉಳಿದದ್ದು: "ಶುಕ್ರವಾರ ರಾತ್ರಿ ಊರಿಗೆ ಹೋಗಲು ಟಿಕೆಟ್ ತೆಗೆದಿದ್ದೀರಿ. ಈಗ ಸೋಮವಾರದ ತನಕ ಹೊರಡಲಾಗುವುದಿಲ್ಲ. ಕೊಟ್ಟ ದುಡ್ಡು ಹೋಗಬಾರದು. ಏನು ಮಾಡುತ್ತೀರಿ?" ಬಟನ್ನಿನ ಹೆಸರಿಲ್ಲ, ದಾರಿಯಿಲ್ಲ. ಇರುವುದು ಮನುಷ್ಯನ ತಾಪತ್ರಯ, ಮತ್ತು ಕೆಲಸ ಮುಗಿಯಿತೆಂದು ಅವನಿಗೇ ಗೊತ್ತಾಗುವ ಒಂದು ಗುರಿ.

ಹೊಸ ಐವರಲ್ಲಿ ದಾರಿ ಸಿಕ್ಕಿದ್ದು ಒಬ್ಬರಿಗೆ. ಇಬ್ಬರು ಟಿಕೆಟ್ ಕ್ಯಾನ್ಸಲ್ ಮಾಡಿ ಹೊಸದು ಕೊಳ್ಳಲು ಹೊರಟರು. ಇನ್ನಿಬ್ಬರು ಹೆಲ್ಪ್‌ಲೈನ್ ನಂಬರ್ ಕೇಳಿದರು. ಪಕ್ಕದಲ್ಲಿ ಕೂತು ಬಾಯಿ ಬಿಡದಿರುವುದೇ ನನಗೆ ಕಷ್ಟವಾಯಿತು. "ಪ್ರಶ್ನೆ ಕಠಿಣ ಮಾಡಿದ್ದೀರಿ," ಎಂದರು ಮ್ಯಾನೇಜರ್. ರೆಕಾರ್ಡಿಂಗ್ ತೋರಿಸಿದೆ. ಅವರು ಮತ್ತೆ ಮಾತಾಡಲಿಲ್ಲ.

ಮುಂದಿನ ಅಪ್‌ಡೇಟ್‌ನಲ್ಲಿ ಟಿಕೆಟ್ಟಿನ ಕೆಳಗೇ "ದಿನಾಂಕ ಬದಲಿಸಿ" ಎಂದು ಬಂತು. ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಛಲೋ ಆತು," ಎಂದಳು. ಟಿಕೆಟ್ ಮಾತ್ರ ಈಗಲೂ ಬಸ್ ಸ್ಟ್ಯಾಂಡ್ ಹತ್ತಿರದ ಏಜೆಂಟನ ಕಡೆಯಿಂದಲೇ ತೆಗೆಸುತ್ತಾಳೆ.