ಮುಂಡಾಜೆಯ ಮೇಲಣ ಮಲೆಯಲ್ಲಿ ಮರಜರಿ

ಮಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟ ಹೆದ್ದಾರಿಯು ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಮುಂಡಾಜೆಯನ್ನು ಮುಟ್ಟುವ ಹೊತ್ತಿಗೆ ಕಣ್ಣೆದುರು ಸಹ್ಯಾದ್ರಿಯ ಗೋಡೆ ಎದ್ದು ನಿಂತಿರುತ್ತದೆ. ಇಕ್ಕೆಲಗಳಲ್ಲಿಯೂ ಅಡಿಕೆಯ ತೋಟಗಳು. ನೇತ್ರಾವತಿಯನ್ನು ಕೂಡಲು ಹರಿದೋಡುವ ಮೃತ್ಯುಂಜಯಾ ಹೊಳೆ. ಮುಂದೆ ಕಕ್ಕಿಂಜೆ, ಚಾರ್ಮಾಡಿ. ಅಲ್ಲಿಂದಾಚೆಗೆ ಕೊಟ್ಟಿಗೆಹಾರದವರೆಗೂ ಘಟ್ಟದ ತಿರುವುಗಳದೇ ರಾಜ್ಯ.

ಮಳೆಗಾಲದಲ್ಲಿ ಈ ಹಾದಿಯನ್ನು ಏರುವ ಪ್ರವಾಸಿಗರು ಜಲಪಾತಗಳನ್ನು ನೋಡಿ ದಣಿಯರು. ಆದರೆ ಇಂಥ ಮಲೆಗಳ ತೊರೆಯಂಚಿನ ನೆರಳಿನಲ್ಲಿ ನೋಡಬೇಕಾದ ಇನ್ನೊಂದು ವಸ್ತುವುಂಟು. ದೂರದಿಂದ ಅದು ಮುಂಡಾಜೆಯ ತೋಟದಿಂದ ತಪ್ಪಿಸಿಕೊಂಡು ಬಂದ ಎಳೆಯ ಅಡಿಕೆಯ ಮರದಂತೆಯೇ ತೋರುತ್ತದೆ: ನೆಟ್ಟನೆಯ ಕಾಂಡ, ನೆತ್ತಿಯಲ್ಲಿ ಬಿಚ್ಚಿದ ಛತ್ರಿ. ಹತ್ತಿರ ಹೋದರೆ ಹೂವಿಲ್ಲ, ಹಿಂಗಾರವಿಲ್ಲ, ಬೀಜವಿಲ್ಲ. ಎಳೆಯ ಗರಿಯು ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡಿದೆ. ಬಾವಿಯ ಕಲ್ಲುಸಂದಿಯಲ್ಲಿ ಬೆಳೆಯುವ ಜರಿಗಿಡಕ್ಕೂ, ಕೊಡಗಿನವರು ಪಲ್ಯ ಮಾಡುವ ತೆರ್ಮೆಗೂ ಇದು ದೊಡ್ಡ ನೆಂಟ. ಇದನ್ನು ಮರಜರಿ ಎಂದು ಕರೆಯೋಣ.

ನಾವು ಸುಲಭವಾಗಿ ಹೆಸರಿಟ್ಟೆವು. ಸಸ್ಯಶಾಸ್ತ್ರಜ್ಞರಿಗೆ ಅದು ಅಷ್ಟು ಸುಲಭವಾಗಲಿಲ್ಲ. ಜರಿಯ ಗರಿಯನ್ನು ಮಗುಚಿ ನೋಡಿದರೆ ಬೆನ್ನಿನಲ್ಲಿ ಸಾಸಿವೆಯಂಥ ಕಂದು ಚುಕ್ಕೆಗಳು ಕಾಣುತ್ತವೆ. ಅವು ಬೀಜಾಣುಗಳ ಗೂಡುಗಳು. ಕೆಲವು ಮರಜರಿಗಳಲ್ಲಿ ಈ ಗೂಡಿಗೆ ಬಟ್ಟಲಿನಂಥ ಹೊದಿಕೆಯಿದೆ, ಕೆಲವಕ್ಕೆ ಅರೆಹೊದಿಕೆ, ಕೆಲವಕ್ಕೆ ಏನೂ ಇಲ್ಲ. 1793ರಲ್ಲಿ ಜೇಮ್ಸ್ ಸ್ಮಿತ್ ಎಂಬ ಆಂಗ್ಲ ಪಂಡಿತನು ಬಟ್ಟಲುಳ್ಳವುಗಳಿಗೆ ಗ್ರೀಕ್ ಭಾಷೆಯ ಬಟ್ಟಲಿನ ಹೆಸರನ್ನೇ ಹಿಡಿದು ‘ಸಯಾತಿಯ’ ಎಂದನು. 1810ರಲ್ಲಿ ರಾಬರ್ಟ್ ಬ್ರೌನನು ಬಟ್ಟಲಿಲ್ಲದವುಗಳಿಗೆ ‘ಆಲ್ಸೋಫಿಲ’ ಎಂದೂ ಅರೆಬಟ್ಟಲಿನವಕ್ಕೆ ‘ಹೆಮಿಟೀಲಿಯ’ ಎಂದೂ ನಾಮಕರಣ ಮಾಡಿದನು. ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ ಆ ಆಧಿಪತ್ಯದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮನು 1863ರಿಂದ ದಕ್ಷಿಣ ಭಾರತದ ಜರಿಗಳನ್ನು ಚಿತ್ರಸಹಿತವಾಗಿ ಪ್ರಕಟಿಸಿದಾಗಲೂ ಈ ಪದ್ಧತಿಯೇ ಆಧಾರವಾಗಿತ್ತು.

ಕನ್ನಡವನ್ನು ಪಾಠ ಹೇಳುವವನಿಗೆ ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. ಕಪ್ಪು ಎಂಬರ್ಥದ ‘ಕರಿ’ಯೂ ಆನೆ ಎಂಬರ್ಥದ ‘ಕರಿ’ಯೂ ನೋಡಲು ಒಂದೇ. ಆದರೆ ಒಂದು ಅಚ್ಚಗನ್ನಡ, ಇನ್ನೊಂದು ಸಂಸ್ಕೃತ. ರೂಪಸಾಮ್ಯವೇ ರಕ್ತಸಂಬಂಧವಲ್ಲ. ಮರಜರಿಗಳ ಕಥೆಯೂ ಹಾಗೆಯೇ ಆಯಿತು. ಬೇರೆ ಬೇರೆ ವಂಶಗಳು ಬಟ್ಟಲನ್ನು ಬೇರೆ ಬೇರೆಯಾಗಿಯೇ ಕಳೆದುಕೊಂಡಿದ್ದವು! 1947ರಲ್ಲಿ ಕೋಪ್‌ಲ್ಯಾಂಡ್ ಎಂಬ ವಿದ್ವಾಂಸನು ಬೇಸತ್ತವನಂತೆ ಎಲ್ಲವನ್ನೂ ‘ಸಯಾತಿಯ’ದಲ್ಲಿಯೇ ಸೇರಿಸಿಬಿಟ್ಟನು. ಹೋಲ್ಟಮ್ ಎಂಬಾತನು ಬಟ್ಟಲನ್ನು ಬಿಟ್ಟು ಗರಿಯ ತೊಟ್ಟಿನ ಮೇಲಿನ ಹೊಟ್ಟಿನಂಥ ಶಲ್ಕಗಳನ್ನು ನೋಡಬೇಕೆಂದನು. ಈಗ ಜೀವಕೋಶದ ಡಿ.ಎನ್.ಎ.ಯನ್ನೇ ಓದಿ ವಂಶಾವಳಿ ಬರೆಯುತ್ತಾರೆ. 2016ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಸಿದ್ಧಪಡಿಸಿದ ವರ್ಗೀಕರಣದಂತೆ ಆರುನೂರಕ್ಕೂ ಮಿಕ್ಕಿದ ಈ ಮರಜರಿಗಳು ಮೂರು ಕುಲಗಳಾಗಿವೆ. ಅವುಗಳಲ್ಲಿ ‘ಸಯಾತಿಯ’ದ ಮುಖ್ಯ ನೆಲೆ ಅಮೆರಿಕದ ಉಷ್ಣವಲಯ, ನಮ್ಮ ಪಶ್ಚಿಮಘಟ್ಟದವು ‘ಆಲ್ಸೋಫಿಲ’ಗಳು.

ಕಾಡಿಗೆಯಂತೆ ಕಪ್ಪಾದ ತೊಟ್ಟಿನ ‘ಜೈಗ್ಯಾಂಟಿಯ’ ಎಂಬ ಪ್ರಭೇದವನ್ನೇ ನೋಡಿರಿ. 1844ರಲ್ಲಿ ಅದು ಆಲ್ಸೋಫಿಲ, 1935ರಲ್ಲಿ ಸಯಾತಿಯ, ಇಂದು ಮತ್ತೆ ಆಲ್ಸೋಫಿಲ. ಕೆಲವರು ಅದನ್ನು ‘ಜಿಮ್ನೋಸ್ಫೀರ’ ಎಂದು ಬೇರೆಯಾಗಿಸುವುದೂ ಉಂಟು. ಇಷ್ಟು ಹೆಸರು ಹೊತ್ತರೂ ಗಿಡವು ತೊರೆಯಂಚನ್ನು ಬಿಟ್ಟು ಕದಲಲಿಲ್ಲ. ಪಶ್ಚಿಮಘಟ್ಟ, ಸಿಂಹಳ, ಹಿಮಾಲಯದ ತಪ್ಪಲು, ಬರ್ಮಾ, ಮಲಯ, ಜಾವಾ, ಎಲ್ಲೆಲ್ಲಿಯೂ ಅದರ ನೆಲೆ ಒಂದೇ: ತಂಪು, ನೆರಳು, ತೇವ.

ಗಾಳಿಯಲ್ಲಿ ಯೋಜನಗಟ್ಟಲೆ ತೇಲಬಲ್ಲ ಬೀಜಾಣುವಿಗೆ ಈ ಕಟ್ಟುಪಾಡೇಕೆ? ಬೀಜಾಣುವು ನೇರವಾಗಿ ಮರವಾಗುವುದಿಲ್ಲ. ಮೊದಲು ಅದು ಉಗುರಿನಗಲದ, ತೆಳುವಾದ ಹಸುರು ಹಾಳೆಯಾಗುತ್ತದೆ. ಆ ಹಾಳೆಯ ಗಂಡು ಕಣವು ನೀರಿನ ಪದರದಲ್ಲಿ ಈಜಿಯೇ ಹೆಣ್ಣು ಕಣವನ್ನು ಸೇರಬೇಕು. ಈ ಗುಟ್ಟನ್ನು 1851ರಲ್ಲಿ ಜರ್ಮನಿಯ ಹೋಫ್‌ಮೈಸ್ಟರನು ವಿವರಿಸಿದನು. ಗಾಳಿ ಎಲ್ಲಿಗಾದರೂ ಒಯ್ಯಲಿ, ನೆಲ ಒದ್ದೆಯಾಗಿಲ್ಲದೆ ಸಂತಾನವಿಲ್ಲ.

ಆದುದರಿಂದ ಮರಜರಿಯ ಅಳಿವು ಉಳಿವುಗಳು ತೊರೆಯ ಮೇಲಣ ನೆರಳಿನಲ್ಲಿವೆ. ಹೂವಿನ ಸೀತಾಳೆ ಗಿಡಗಳನ್ನು ಬೆಳೆಸಲು ಇದರ ಕಾಂಡವನ್ನು ಕಡಿದು ಮಾರುವ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದವು ಕಡಿವಾಣ ಹಾಕಿದೆ, ಸರಿ. ಆದರೆ ನೆರಳು ಕಳೆದುಹೋದರೆ ಯಾವ ಒಪ್ಪಂದ ಕಾಯಬಲ್ಲುದು? 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿ ಘಟ್ಟದಲ್ಲಿ ಅಲ್ಲಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ರಸ್ತೆ ಬೇಕು, ನಿಜ. ಘಟ್ಟದ ಮೇಲಿನವರಿಗೆ ಮಂಗಳೂರಿನ ಆಸ್ಪತ್ರೆಯೂ ಬಂದರವೂ ಬೇಕು. ಆದರೆ ರಸ್ತೆಯನ್ನು ಅಗಲಿಸಲು ಅಳತೆಪಟ್ಟಿ ಹಿಡಿದವರು, ತೊರೆ ರಸ್ತೆಯನ್ನು ದಾಟುವಲ್ಲಿ ಎರಡೂ ದಡದ ಮರಗಳನ್ನು ಉಳಿಸಿದರೆ ಜರಿಗೂ ಕ್ಷೇಮ, ಗುಡ್ಡಕ್ಕೂ ಕ್ಷೇಮ.

ಆಲ್ಸೋಫಿಲ ಎಂದರೆ ‘ತೋಪಿಗೆ ಒಲಿದದ್ದು’ ಎಂದು ಅರ್ಥ. ಪಂಡಿತರು ಕೊಟ್ಟು, ಕಿತ್ತುಕೊಂಡು, ಮತ್ತೆ ಕೊಟ್ಟ ಈ ಹೆಸರು ನಿಜವಾಗಿ ಉಳಿಯಬೇಕಾದರೆ ಮೊದಲು ತೋಪು ಉಳಿಯಬೇಕು.