ಕಾಲೂರದ ಸವಾರಿ

ಮಲ್ಪೆಯಲ್ಲಿ ಬೈಕಿಗೆ ಆಯುಸ್ಸು ಕಡಿಮೆ. ಕಡಲ ಉಪ್ಪುಗಾಳಿ ಮೊದಲು ಸೈಲೆನ್ಸರನ್ನು ತಿನ್ನುತ್ತದೆ, ಆಮೇಲೆ ಚಕ್ರದ ಕಡ್ಡಿಗಳನ್ನು. ಬಂದರಿನ ಹತ್ತಿರ ಗ್ಯಾರೇಜು ಇಟ್ಟುಕೊಂಡಿದ್ದ ನನ್ನ ಸೋದರಮಾವ, "ನಮ್ಮ ಅನ್ನಕ್ಕೆ ಉಪ್ಪು ಹಾಕುವುದೇ ಈ ಗಾಳಿ" ಎಂದು ನಗುತ್ತಿದ್ದರು. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡ ಸೇರಿದ ಆ ಎರಡು ತಿಂಗಳು ಮಾವನಿಗೆ ಸುಗ್ಗಿ. ವರ್ಷವಿಡೀ ಪುರುಸೊತ್ತಿಲ್ಲದವರು ಆಗ ತುಕ್ಕು ಹಿಡಿದ ಬೈಕುಗಳನ್ನು ತಳ್ಳಿಕೊಂಡು ಬರುತ್ತಿದ್ದರು.

ನನಗೆ ಬೈಕು ಕಲಿಸಿದವರು ಅವರೇ. ಅವರ ಹಳೆಯ ಬುಲೆಟ್‌ಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಸುಬ್‌ಹಿ ನಮಾಝ್ ಮುಗಿಸಿ ನಾವು ಕಡಲ ದಂಡೆಗೆ ಹೋಗುತ್ತಿದ್ದೆವು. ಆಗ ಅಲ್ಲಿ ಈಗಿನಂತೆ ಪ್ರವಾಸಿಗರ ಗದ್ದಲವಿರಲಿಲ್ಲ. ಮಾವ ತೆಂಗಿನ ಕೊತ್ತಳಿಗೆಗಳನ್ನು ಮರಳಿನಲ್ಲಿ ಸಾಲಾಗಿ ನೆಟ್ಟು, ಒಂದನೇ ಗೇರಿನಲ್ಲಿ ಅವುಗಳ ನಡುವೆ ಹಾವಿನಂತೆ ಸುತ್ತಿ ಬರಲು ಹೇಳುತ್ತಿದ್ದರು. ವೇಗ ಹೆಚ್ಚಾಗಬಾರದು, ಎಂಜಿನ್ ನಿಲ್ಲಬಾರದು, ಕಾಲು ಊರಬಾರದು. ಊರಿದರೆ ಪುನಃ ಮೊದಲಿನಿಂದ. ಹಸಿ ಮರಳಿನಲ್ಲಿ ಆ ಭಾರದ ಗಾಡಿಯನ್ನು ನಿಧಾನವಾಗಿ ನಡೆಸುವುದೆಂದರೆ ಬೆವರಿಳಿಸುವ ಕೆಲಸ. "ಓಡಿಸಲಿಕ್ಕೆ ಯಾರಿಗೂ ಬರುತ್ತದೆ. ನಿಧಾನ ಮಾಡಲಿಕ್ಕೆ ಬಂದ ದಿವಸ ಕೀ ಕೊಡುತ್ತೇನೆ" ಎನ್ನುತ್ತಿದ್ದರು. ಆ ಕೀ ನನಗೆ ಸಿಕ್ಕಿದ್ದು ನಾಲ್ಕು ತಿಂಗಳ ನಂತರ.

ಮಾವ ತೀರಿಕೊಂಡು ವರ್ಷಗಳಾದವು. ಗ್ಯಾರೇಜಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಎರಡು ವರ್ಷಗಳ ಹಿಂದೆ ನನ್ನ ತಂಗಿಯ ಮಗ ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ. ಅವನ ತಂದೆ ಗಲ್ಫ್‌ನಲ್ಲಿರುವುದರಿಂದ ಮನೆಗೆ ಹಿರಿಯನೆಂದರೆ ನಾನೇ. ಅವನು ಕೇಳಿದ ಬೈಕನ್ನೇ ತೆಗೆಸಿಕೊಟ್ಟೆ. ಶೋರೂಮಿನ ಮುಂದೆ ಫೋಟೋ ತೆಗೆಸಿಕೊಂಡು, ಕೀಯನ್ನು ಅವನ ಕೈಗಿಟ್ಟು ಬಂದೆ. ಕೊತ್ತಳಿಗೆ ನೆಡಲಿಲ್ಲ. ಮಾವ ನಾಲ್ಕು ತಿಂಗಳು ಕಾಯಿಸಿ ಕೊಟ್ಟಿದ್ದನ್ನು ನಾನು ನಾಲ್ಕು ನಿಮಿಷದಲ್ಲಿ ಕೊಟ್ಟೆ.

ಅವನು ಮುಂದಿನ ಚಕ್ರ ಎತ್ತಿ ಓಡಿಸುತ್ತಾನೆಂದು ಯಾರೋ ಮಸೀದಿಯ ಅಂಗಳದಲ್ಲಿ ನನಗೆ ಹೇಳಿದ್ದರು. ಅವನ ಗೆಳೆಯರು ಅದನ್ನು ಮೊಬೈಲಿನಲ್ಲಿ ಸೆರೆಹಿಡಿದು ಹಂಚುತ್ತಿದ್ದರಂತೆ. ವಯಸ್ಸು ಹಾಗೆ, ಸರಿ ಹೋಗುತ್ತಾನೆ ಎಂದು ನಾನೂ ಸುಮ್ಮನಾದೆ. ಒಂದು ಸಂಜೆ ಮಲ್ಪೆಯಿಂದ ಉಡುಪಿಗೆ ಹೋಗುವ ದಾರಿಯಲ್ಲಿ, ಮೀನಿನ ಲಾರಿಯಿಂದ ಸೋರಿದ ನೀರಿನ ಮೇಲೆ ಅವನ ಬೈಕು ಜಾರಿತು. ಆ ನೀರು ಎಣ್ಣೆಗಿಂತ ಕೆಟ್ಟದ್ದೆಂದು ನಮ್ಮೂರಿನ ಪ್ರತಿಯೊಬ್ಬರಿಗೂ ಗೊತ್ತು. ನಿಧಾನವಾಗಿದ್ದರೆ ಬಿದ್ದರೂ ಎದ್ದು ಬರಬಹುದಿತ್ತು. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ತಲೆ ಉಳಿದದ್ದು ಹೆಲ್ಮೆಟಿನಿಂದ. ಅಂದು ಅದನ್ನು ಹಾಕಿಸಿ ಕಳುಹಿಸಿದ್ದು ನನ್ನ ತಂಗಿ. ಅಲ್‌ಹಮ್ದುಲಿಲ್ಲಾಹ್.

ಆಸ್ಪತ್ರೆಯಲ್ಲಿ ರಾತ್ರಿ ಕೂರುವ ಸರದಿ ನನ್ನದು. ಬಯ್ಯುವ ಮನಸ್ಸಿತ್ತು, ಆದರೆ ಬಯ್ಯುವ ಹಕ್ಕಿದೆಯೇ ಎಂದು ಸಂಶಯವಾಗಿ ಬಾಯಿ ಕಟ್ಟುತ್ತಿತ್ತು. ಒಂದು ರಾತ್ರಿ ಅವನೇ ಮೊಬೈಲನ್ನು ನನ್ನ ಕಡೆ ತಿರುಗಿಸಿ, "ಮಾಮ, ಇದು ನೋಡಿ" ಎಂದ. ಸೀಟೇ ಇಲ್ಲದಂತಹ ಸಣ್ಣ ಬೈಕಿನ ಮೇಲೆ ನಿಂತ ಒಬ್ಬ ಸವಾರ, ಹಳ್ಳದ ಬಂಡೆಗಳ ಮೇಲೆ ಆಡಿನಂತೆ ಹತ್ತುತ್ತಿದ್ದ. ಒಂದು ಕಡೆ ಹಾಗೆಯೇ ನಿಂತು, ಸಮತೋಲನ ತಂದುಕೊಂಡು, ಮುಂದಿನ ಕಲ್ಲಿಗೆ ನೆಗೆದ. ಓಟವೇ ಇಲ್ಲ. "ಇದಕ್ಕೆ ಟ್ರಯಲ್ಸ್ ಅಂತಾರೆ. ಕಾಲು ನೆಲಕ್ಕೆ ತಾಗಿದರೆ ಪಾಯಿಂಟ್ ಬೀಳುತ್ತದೆ. ಕಡಿಮೆ ಪಾಯಿಂಟ್ ಆದವನೇ ಗೆಲ್ಲುವುದು" ಎಂದ.

ನನಗೆ ಮೈ ಜುಮ್ಮೆಂದಿತು. ಇದು ಮಾವನ ಕೊತ್ತಳಿಗೆ ಆಟವಲ್ಲವೇ?

ಆಮೇಲಿನ ದಿನಗಳಲ್ಲಿ ಇಬ್ಬರೂ ಕೂಡಿ ಇದನ್ನು ಓದಿದೆವು. ಒಮ್ಮೆ ಕಾಲೂರಿದರೆ ಒಂದು ಅಂಕ, ಎರಡು ಸಲವಾದರೆ ಎರಡು, ಅದಕ್ಕಿಂತ ಹೆಚ್ಚಾದರೆ ಮೂರು. ಬಿದ್ದರೆ, ಗುರುತಿನ ಗಡಿ ದಾಟಿದರೆ ಐದು. ಈ ಕ್ರೀಡೆ ಬೆಳೆದದ್ದು ಬ್ರಿಟನ್ನಿನ ಮಳೆ, ಕೆಸರು, ಕಲ್ಲುಗಳ ನಡುವೆ. ಸ್ಕಾಟ್ಲೆಂಡಿನ ಆರು ದಿನಗಳ ಪ್ರಸಿದ್ಧ ಟ್ರಯಲ್ 1911ರಲ್ಲಿ ಆ ರೂಪ ಪಡೆಯಿತು. ಮಹಾಯುದ್ಧಗಳ ಕಾಲದಲ್ಲಿ ನಿಂತು ಪುನಃ ಶುರುವಾಯಿತು. ಅಲ್ಲಿ ಇದು ಮನೆತನದ ವಿದ್ಯೆಯಂತೆ ಇಳಿದು ಬರುತ್ತದೆ. 1975ರಲ್ಲಿ ಮೊದಲ ವಿಶ್ವ ಚಾಂಪಿಯನ್ ಆದವರು ಇಂಗ್ಲೆಂಡಿನ ಮಾರ್ಟಿನ್ ಲ್ಯಾಂಪ್ಕಿನ್. ಅವರ ಅಣ್ಣಂದಿರಿಬ್ಬರೂ ಸವಾರರು. ಮಗ ಡಗ್ಗಿ ಮುಂದೆ ಹನ್ನೆರಡು ವಿಶ್ವ ಪ್ರಶಸ್ತಿ ಗೆದ್ದರು. ಸ್ಪೇನಿನ ಟೋನಿ ಬೌ 2007ರಿಂದ 2024ರವರೆಗೆ ಪ್ರತಿ ವರ್ಷ ಹೊರಾಂಗಣ, ಒಳಾಂಗಣ ಎರಡೂ ಪ್ರಶಸ್ತಿಗಳನ್ನು ಗೆದ್ದರು. ಒಟ್ಟು 36!

ಇನ್ನೊಂದು ಸಂಗತಿ ನನ್ನನ್ನು ನೇರ ಮಾವನ ಗ್ಯಾರೇಜಿಗೆ ಕೊಂಡೊಯ್ದಿತು. ಬುಲೆಟ್ ಕೂಡ ಈ ಟ್ರಯಲ್ಸ್ ಮೈದಾನದ ಕೂಸು. 1948ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪೆನಿ ಹೊಸ ಬುಲೆಟ್ಟಿನ ಮಾದರಿಗಳನ್ನು ಅಂಗಡಿಗೆ ಬಿಡುವ ಮೊದಲು ಇಳಿಸಿದ್ದು ಟ್ರಯಲ್ಸ್ ಸ್ಪರ್ಧೆಗೆ. ಹಿಂದಿನ ಚಕ್ರಕ್ಕೂ ಸಸ್ಪೆನ್ಷನ್ ಇಡುವುದು ಆಗ ಹೊಸತು. ಕಲ್ಲುದಾರಿಯಲ್ಲಿ ಅದು ನಡೆದೀತೇ ಎಂದು ಅನುಭವಿಗಳೇ ಅನುಮಾನಪಟ್ಟಿದ್ದರು. ಜಾನಿ ಬ್ರಿಟನ್ ಎಂಬ ಸವಾರ 350 ಸಿಸಿ ಬುಲೆಟ್ಟಿನಲ್ಲಿ 1952ರಲ್ಲಿ ಸ್ಕಾಟ್ಲೆಂಡಿನ ಆ ಆರು ದಿನಗಳ ಸ್ಪರ್ಧೆ ಗೆದ್ದರು. 1957ರಲ್ಲಿ ಪುನಃ ಗೆದ್ದರು. 1955ರಲ್ಲಿ ಅದೇ ಬುಲೆಟ್ ಮದರಾಸಿಗೆ ಬಂದು ನಮ್ಮದಾಯಿತು. ಮಾವನಿಗೆ ಈ ಚರಿತ್ರೆ ಗೊತ್ತಿರಲಿಲ್ಲ. ಆದರೆ ಆ ಗಾಡಿಯನ್ನು ಯಾವುದಕ್ಕಾಗಿ ತಿದ್ದಿ ತೀಡಿದ್ದರೋ ಅದೇ ಪಾಠವನ್ನು ಅವರು ಮಲ್ಪೆಯ ಮರಳಿನಲ್ಲಿ ಹೇಳಿಕೊಟ್ಟಿದ್ದರು.

ಈ ಕ್ರೀಡೆಯಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದವರು ಸವಾರರಲ್ಲ, ವೀಕ್ಷಕರು. ಪ್ರತಿ ಕಠಿಣ ಜಾಗದಲ್ಲಿ ಒಬ್ಬರು ಮಳೆಯಲ್ಲಿ ನೆನೆಯುತ್ತಾ ನಿಂತು, ಸವಾರನ ಪಾದ ತಾಗಿತೋ ಇಲ್ಲವೋ ಎಂದು ನೋಡಿ ಅಂಕ ಹಾಕುತ್ತಾರೆ. ಬಹುಪಾಲು ಇವರು ಸಂಬಳವಿಲ್ಲದ ಸ್ವಯಂಸೇವಕರು. ಕೆಲವರು ಒಂದು ಕಾಲದಲ್ಲಿ ತಾವೂ ಸ್ಪರ್ಧಿಸಿದವರು. ನನ್ನ ಅಳಿಯನ ಆಟಕ್ಕೂ ನೋಡುಗರಿದ್ದರು, ಆದರೆ ತಪ್ಪನ್ನು ಗುರುತು ಹಾಕುವವರಿರಲಿಲ್ಲ. ಆ ಜಾಗದಲ್ಲಿ ನಿಲ್ಲಬೇಕಾಗಿದ್ದವನು ನಾನು.

ಬೈಕಿನ ಆಟವೇ ಹರಾಮೆಂಬಂತೆ ಮಾತನಾಡುವವರಿದ್ದಾರೆ. ಪ್ರವಾದಿ ಮುಹಮ್ಮದ್(ಸ) ಮದೀನಾದಲ್ಲಿ ಕುದುರೆ ಓಟ ನಡೆಸಿದ್ದರು. ಪಳಗಿಸಿದ ಕುದುರೆಗಳಿಗೆ ದೂರದ ಓಟ, ಪಳಗಿಸದವಕ್ಕೆ ಹತ್ತಿರದ್ದು. ಇಬ್ನ್ ಉಮರ್(ರ) ಅದರಲ್ಲಿ ಭಾಗವಹಿಸಿದ್ದರೆಂದು ಹದೀಸ್ ಇದೆ. ಸ್ಪರ್ಧೆಯನ್ನು ತಡೆಯಲಿಲ್ಲ, ತಯಾರಿಗೆ ತಕ್ಕಂತೆ ದೂರವನ್ನು ಗೊತ್ತು ಮಾಡಿದರು. ನಾವಾದರೋ ಪಳಗದ ಕೈಗೆ ಹೆದ್ದಾರಿಯನ್ನೇ ಕೊಟ್ಟು, ಬಿದ್ದ ಮೇಲೆ ವಿಧಿಯನ್ನು ದೂರುತ್ತೇವೆ.

ಆಸೆಯೇ ತಪ್ಪಲ್ಲ. ನಮ್ಮ ಉಡುಪಿಯ ಅರವಿಂದ್ ಕೆ.ಪಿ. ಜಗತ್ತಿನ ಅತಿ ಕಠಿಣ ಬೈಕ್ ರ‍್ಯಾಲಿಯಾದ ಡಕಾರ್‌ಗೆ ಹೋದವರು. 2017ರಲ್ಲೂ 2018ರಲ್ಲೂ ಅವರಿಗೆ ಅದನ್ನು ಪೂರ್ತಿ ಮಾಡಲಾಗಲಿಲ್ಲ. 2019ರಲ್ಲಿ ಪೆರುವಿನ ಮರಳುಗಾಡನ್ನು ದಾಟಿ 37ನೆಯವರಾಗಿ ಮುಗಿಸಿದರು. ಮೂವತ್ತೇಳನೆಯ ಸ್ಥಾನಕ್ಕಾಗಿ ಮೂರು ವರ್ಷ! ಇದನ್ನು ಓದಿ ಅಳಿಯ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅವರಿಗೆ ಕಲಿಸುವವರು ಇದ್ದರಲ್ಲ ಮಾಮ" ಎಂದ. ಅದು ಆಕ್ಷೇಪಣೆಯ ಧ್ವನಿಯಲ್ಲಿರಲಿಲ್ಲ. ಆದರೂ ನನಗೆ ನಾಟಿತು.

ಈಗ ಅವನ ಕಾಲಿನಲ್ಲಿ ಸಳಿಯಿದೆ, ಸ್ವಲ್ಪ ಕುಂಟುತ್ತಾನೆ. ಬೈಕನ್ನು ಮಾರಿಬಿಡೋಣವೆಂದು ತಂಗಿ ಹಟ ಹಿಡಿದಿದ್ದಳು. ಎರಡು ತಿಂಗಳು ನಾನೂ ಅವಳ ಪಕ್ಷದಲ್ಲಿದ್ದೆ. ಕೊನೆಗೆ ಡಾಕ್ಟರರು ಒಪ್ಪಿದ ಮೇಲೆ, ಒಂದು ಷರತ್ತಿನ ಮೇಲೆ ಅವಳನ್ನು ಒಪ್ಪಿಸಿದೆ: ಕೀ ನನ್ನ ಬಳಿ ಇರಬೇಕು.

ಕಳೆದ ಭಾನುವಾರ ನಮ್ಮ ಮನೆಯ ಹಿಂದಿನ ತೋಟದಲ್ಲಿ ಆರು ಕೊತ್ತಳಿಗೆ ನೆಟ್ಟೆ. ಅವನು ಹೆಲ್ಮೆಟ್ ಹಾಕಿ, ಒಂದನೇ ಗೇರಿನಲ್ಲಿ ಹೊರಟ. ಎರಡನೆಯದರ ಹತ್ತಿರವೇ ಕಾಲೂರಿದ. ನನ್ನ ಕಡೆ ನೋಡಿ ನಕ್ಕ. "ಒಂದು ಪಾಯಿಂಟ್" ಎಂದೆ. ಬಾಗಿಲಲ್ಲಿ ನಿಂತಿದ್ದ ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನು ಬೈಕು ತಿರುಗಿಸಿ ಪುನಃ ಮೊದಲಿನ ಕೊತ್ತಳಿಗೆಯ ಹತ್ತಿರ ಬಂದು ನಿಂತ.