ಕೋಟೆಯ ಮೇಲಿನ ಮುದುಕ

ನಾಸಿಕದ ಶಿರವಾಡಕರರ ‘ನಟಸಮ್ರಾಟ’ವನ್ನು ಮರಾಠಿಯಲ್ಲಿ ನೋಡಿ ಕಣ್ಣೊರೆಸಿಕೊಳ್ಳುವ ನಮ್ಮ ಮಕ್ಕಳು, ಕನ್ನಡ ನಾಟಕವೆಂದರೆ ಮಾತ್ರ “ಓದಲು ಬರುವುದಿಲ್ಲ ಆಂಟಿ” ಎನ್ನುತ್ತೀರಿ. ನಾಟಕ ಮೊದಲು ಕಿವಿಗಲ್ಲವೇ?

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾನು ಮೊದಲು ಓದಿ, ಆಮೇಲೆ ನೋಡಿದೆ. ದೌಲತಾಬಾದ್ ಕೋಟೆಯ ಮೇಲೆ ರಾತ್ರಿ ಇಬ್ಬರು ಕಾವಲುಗಾರರು ಮಾತಾಡುತ್ತಾರೆ. 1327ರಲ್ಲಿ ಸುಲ್ತಾನ ರಾಜಧಾನಿ ಬದಲಿಸಿದಾಗ, ದಿಲ್ಲಿಯಿಂದ ಬಂದ ಮುದುಕ ತನ್ನವರನ್ನೆಲ್ಲ ಕಳೆದುಕೊಂಡಿದ್ದಾನೆ. ಪುಟದಲ್ಲಿ ಅದು ಕ್ಷಣದಲ್ಲಿ ಮುಗಿಯುತ್ತದೆ. ರಂಗದ ಮೇಲೆ ಅವನು ಸುಮ್ಮನಾದಾಗ ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ಆದರೆ ಸುಲ್ತಾನನ ಮಾತಿನ ಒಳಸುಳಿ ದಕ್ಕಿದ್ದು ಮನೆಗೆ ಬಂದು ಮತ್ತೆ ಓದಿದಾಗಲೇ.

ಆ ಕೋಟೆ ಸಂಭಾಜಿನಗರದಿಂದ ಸುಮಾರು 15 ಕಿಲೋಮೀಟರು. ಮುಂದಿನ ಪಿಕ್‌ನಿಕ್ಕಿಗೆ ಪುಸ್ತಕ ತರುತ್ತೇನೆ. ಬಲ್ಲವರು ಓದಿ ಹೇಳಲಿ, ಉಳಿದವರು ಕೇಳಿ ನುಡಿಯಲಿ. ಮುದುಕನ ಪಾತ್ರ ನನಗಿರಲಿ.